ಮಂಗಳೂರಿನ ಹವೆಯಲ್ಲಿ ಮರದ ಹಡಗು: ಕಿಟ್ ಜೋಡಿಸಿದ ನನ್ನ ಅನುಭವ

ಹಲಗೆ ಹೊದಿಸಲು ಶುರು ಮಾಡುವುದು ದೀಪಾವಳಿ ಕಳೆದ ಮೇಲೆ, ಮುಗಿಸುವುದು ಪತ್ತನಾಜೆಗೆ, ಅಂದರೆ ಮೇ ಕೊನೆಯಲ್ಲಿ ಬರುವ ತುಳುನಾಡಿನ ಮಳೆಗಾಲದ ಹೊಸ್ತಿಲಿಗೆ, ಮುಂಚೆ. ಮರದ ಹಡಗಿನ ಮಾದರಿ ಕಟ್ಟುವಾಗ ನಾನು ಪಾಲಿಸುವ ಮೊದಲ ನಿಯಮ ಇದು. ಕಿಟ್ ಜೊತೆ ಬರುವ ಪುಸ್ತಿಕೆಯಲ್ಲಿ ಇದನ್ನು ಹುಡುಕಬೇಡಿ, ಅದನ್ನು ಬರೆದವರು ನಮ್ಮ ಆಟಿ ತಿಂಗಳ ಮಳೆ ಕಂಡವರಲ್ಲ.

ಲೆಕ್ಕ ಹೀಗೆ. ಗಾಳಿಯ ತೇವಾಂಶ ಶೇ 85ರಷ್ಟಿದ್ದಾಗ ಮರದೊಳಗಿನ ನೀರು ಶೇ 17ರ ಆಸುಪಾಸಿಗೆ ಏರುತ್ತದೆ. ಗಾಳಿ ಒಣಗಿ ಶೇ 60ಕ್ಕೆ ಇಳಿದರೆ ಅದು ಶೇ 11ರ ಹತ್ತಿರ ನಿಲ್ಲುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಕಿಟ್‌ನಲ್ಲಿ ಬರುವ ಲೈಮ್ (ನಿಂಬೆಯಲ್ಲ, ಲಿಂಡೆನ್) ಮರದ 5 ಮಿ.ಮೀ. ಅಗಲದ ಪಟ್ಟಿ ಈ ಏರಿಳಿತಕ್ಕೆ ಸುಮಾರು 0.1 ಮಿ.ಮೀ. ಬದಲಾಗುತ್ತದೆ. ಒಂದು ಪಟ್ಟಿಯಲ್ಲಿ ಅದು ಕಣ್ಣಿಗೇ ಕಾಣದು. ಆದರೆ ಒಂದು ಬದಿಗೆ 19 ಪಟ್ಟಿ ಬಿದ್ದರೆ ಒಟ್ಟು 2 ಮಿ.ಮೀ. ಆಯಿತು. ಮಳೆಯಲ್ಲಿ ಒತ್ತಾಗಿ ಕೂರಿಸಿದ ಹೊದಿಕೆ ಫೆಬ್ರವರಿಯಲ್ಲಿ ಸಂದಿ ಬಿಡುವುದು ಇದರಿಂದಲೇ. ಬಂದರಿನ ದಕ್ಕೆಗೆ ಬರುವ ಮರದ ಹಡಗುಗಳ ಹಲಗೆ ಸಂದಿಗೆ ಹತ್ತಿ ತುರುಕಿರುತ್ತಾರೆ, ನೀರಿನಲ್ಲಿ ಹಲಗೆಯೂ ಉಬ್ಬಿ ಸಂದಿ ಬಿಗಿಯುತ್ತದೆ. ಶೋಕೇಸಿನಲ್ಲಿ ನಿಲ್ಲುವ ಹಡಗಿಗೆ ಆ ಅನುಕೂಲವಿಲ್ಲ.

ಮುಂದಿನ ಅಳತೆಗಳು ಎರಡು ಕೂವೆಕಂಬಗಳ ಸ್ಕೂನರ್ ಎಂಬ ಹಾಯಿಹಡಗಿನವು. ಪ್ರಮಾಣ 1:64, ಹೊದಿಕೆ ಎರಡು ಪದರ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಪ್ಲೈವುಡ್‌ನ ಕೀಲ್ ಅನ್ನು (ಹಡಗಿನ ಬೆನ್ನೆಲುಬಿನಂಥ ಉದ್ದ ತುಂಡು) ಗಾಜಿನ ಮೇಲಿಟ್ಟು ನೋಡಿ. 400 ಮಿ.ಮೀ. ಉದ್ದದಲ್ಲಿ 1 ಮಿ.ಮೀ. ಡೊಂಕಿದ್ದರೂ ಮುಂದೆ ಇಡೀ ಒಡಲು ತಿರುಚಿಕೊಳ್ಳುತ್ತದೆ, ಆಗ ಯಾವ ಉಪಾಯವೂ ನಡೆಯದು. ಡೊಂಕಿನ ತಗ್ಗು ಬದಿಗೆ ಒದ್ದೆ ಬಟ್ಟೆ ಸವರಿ, ಎರಡು ಗಾಜುಗಳ ನಡುವೆ ಭಾರ ಹೇರಿ ಎರಡು ದಿನ ಬಿಟ್ಟರೆ ಬಹುಮಟ್ಟಿಗೆ ನೆಟ್ಟಗಾಗುತ್ತದೆ. ಆಮೇಲೆ 18 ಮಿ.ಮೀ. ಪ್ಲೈವುಡ್ ಹಲಗೆಗೆ ಅಲ್ಯುಮಿನಿಯಂ ಎಲ್ ಆಂಗಲ್ ತುಂಡುಗಳನ್ನು ಸ್ಕ್ರೂ ಮಾಡಿ, ಅವುಗಳ ನಡುವೆ ಕೀಲ್ ಹಿಡಿಸಿ. ಕೀಲ್‌ಗೆ ಅಡ್ಡಲಾಗಿ ನಿಂತು ಒಡಲಿಗೆ ಆಕಾರ ಕೊಡುವ ಅಡ್ಡಹಲಗೆಗಳನ್ನು ಒಂದೊಂದಾಗಿ ಮೂಲೆಮಟ್ಟ ಹಿಡಿದೇ ಅಂಟಿಸಬೇಕು.

ಲೇಸರ್ ಕತ್ತರಿಸಿದ ಅಂಚಿನಲ್ಲಿ ಕಂದು ಕರಕಲು ಇರುತ್ತದಲ್ಲ, ಅಂಟು ತಾಗುವ ಕಡೆ ಅದನ್ನು ಉಜ್ಜಿ ತೆಗೆಯಿರಿ. ಕರಕಲಿನ ಮೇಲೆ ಫೆವಿಕಾಲ್ ಸರಿಯಾಗಿ ಕಚ್ಚುವುದಿಲ್ಲ. ಹಲಗೆ ಕೂರುವ ಹೊರ ಅಂಚಿನಲ್ಲಿ ಮಾತ್ರ ಹಾಗೇ ಬಿಡಿ. 120 ನಂಬರಿನ ಪಾಲಿಶ್ ಪೇಪರ್ ಅಂಟಿಸಿದ ಕೋಲಿನಿಂದ ಓರೆ ಉಜ್ಜುವಾಗ ಎಷ್ಟು ಸವೆದಿದೆ ಎಂದು ಆ ಕರಕಲೇ ತೋರಿಸುತ್ತದೆ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಾಗ ನಿಲ್ಲಿಸಿ. ಮೇಲೊಂದು ಪಟ್ಟಿ ಬಾಗಿಸಿ ಇಟ್ಟರೆ ಎಲ್ಲ ಅಡ್ಡಹಲಗೆಗಳಿಗೂ ಪೂರ್ತಿ ಅಗಲಕ್ಕೆ ತಾಗಬೇಕು. ಈ ಕೆಲಸಕ್ಕೆ ಒಂದು ವಾರ ಹಿಡಿದರೂ ಅವಸರ ಮಾಡಬೇಡಿ.

ಹೊದಿಕೆಯಲ್ಲಿ ಹೊಸಬರು ಕೆಡುವುದು ಹೆಚ್ಚಾಗಿ ಒಂದೇ ಕಡೆ: ಪಟ್ಟಿಯನ್ನು ಅಗಲ ಇಳಿಸದೆ ಹಾಗೇ ಅಂಟಿಸುತ್ತಾರೆ. ನಡುವಿನ ಅಡ್ಡಹಲಗೆಯ ಸುತ್ತಳತೆಯನ್ನು ಕಾಗದದ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳಿ. ಡೆಕ್ಕಿನ ಅಂಚಿನಿಂದ ಕೀಲ್‌ವರೆಗೆ 95 ಮಿ.ಮೀ. ಬಂದರೆ 5 ಮಿ.ಮೀ.ನ 19 ಪಟ್ಟಿ ಬೇಕು. ಮುಂತುದಿಯಲ್ಲಿ ಅದೇ ಅಳತೆ 57 ಮಿ.ಮೀ. ಇದ್ದರೆ ಅಲ್ಲಿ ಪ್ರತಿ ಪಟ್ಟಿಗೆ ಸಿಗುವ ಜಾಗ 3 ಮಿ.ಮೀ. ಮಾತ್ರ. ಪಟ್ಟಿಯನ್ನು ಕೀಸುಳಿಯಿಂದ ಅಷ್ಟಕ್ಕೆ ಸಪೂರ ಮಾಡಲೇಬೇಕು. ಮಾಡದಿದ್ದರೆ ಪಟ್ಟಿ ಮಗ್ಗುಲಿಗೆ ಬಾಗಲಾರದೆ ಒಂದು ಅಂಚು ಎದ್ದು ನಿಲ್ಲುತ್ತದೆ. ಎಷ್ಟು ಪಿನ್ ಹೊಡೆದರೂ ಕೂರದು. ಅರ್ಧ ಅಗಲಕ್ಕಿಂತ, ಅಂದರೆ 2.5 ಮಿ.ಮೀ.ಗಿಂತ, ಕಡಿಮೆ ಮಾಡಬೇಡಿ. ಅಂಥ ಕಡೆ ಎರಡು ಪಟ್ಟಿಗಳನ್ನು ಒಂದಕ್ಕೆ ಇಳಿಸುವುದು ಒಳ್ಳೆಯದು. ಹಿಂತುದಿಯಲ್ಲಿ ಇದಕ್ಕೆ ತಿರುಗುಮುರುಗು, ಜಾಗ ಅಗಲವಾಗಿ ನಡುವೆ ಚೂಪು ತುಂಡು ಸೇರಿಸಬೇಕಾಗುತ್ತದೆ.

ಎಡಕ್ಕೊಂದು ಹಾಕಿದರೆ ಬಲಕ್ಕೊಂದು. ಒಂದೇ ಬದಿಗೆ ನಾಲ್ಕು ಪಟ್ಟಿ ಬಿದ್ದರೆ ಕೀಲ್ ಆ ಕಡೆಗೆ ಎಳೆದುಕೊಳ್ಳುತ್ತದೆ.

ಬಾಗಿಸಲು ಪಟ್ಟಿಯನ್ನು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ, ಒಡಲಿನ ಮೇಲೆ ಬಟ್ಟೆ ಕ್ಲಿಪ್ ಹಾಕಿ ರಾತ್ರಿಯಿಡೀ ಬಿಡಿ. ಒಣಗಿದ ಮೇಲೆಯೇ ಅಂಟು. ಒದ್ದೆ ಪಟ್ಟಿ ಆಗಲೇ ಉಬ್ಬಿರುತ್ತದೆ, ಹಾಗೇ ಅಂಟಿಸಿದರೆ ಡಿಸೆಂಬರ್‌ನಲ್ಲೂ ಸಂದಿ ಬೀಳುತ್ತದೆ. ಪಿನ್ ಹಿತ್ತಾಳೆಯದ್ದೇ ಇರಲಿ. ಉಪ್ಪುಗಾಳಿಗೆ ಕಬ್ಬಿಣದ ಪಿನ್ ತುಕ್ಕು ಹಿಡಿಯುತ್ತದೆ, ವಾಲ್ನಟ್‌ನಂಥ ಒಗರಿನ ಮರದಲ್ಲಿ ಸುತ್ತ ಕಪ್ಪು ಕಲೆಯೂ ಮೂಡುತ್ತದೆ.

ಎರಡನೆಯ ಪದರ 0.5 ಮಿ.ಮೀ. ದಪ್ಪದ ವಾಲ್ನಟ್. ಇದಕ್ಕೆ ನೀರಿನಂಶದ ಅಂಟು ಹಚ್ಚಿದರೆ ಪಟ್ಟಿ ಸುರುಳಿಯಾಗುತ್ತದೆ. ಸನ್ಮೈಕಾ ಕೂರಿಸಲು ಬಳಸುವ ರಬ್ಬರ್ ಅಂಟನ್ನು ಎರಡೂ ಕಡೆ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತುತ್ತೇನೆ. ಒತ್ತಿದ ಮೇಲೆ ಸರಿಸಲು ಆಗುವುದಿಲ್ಲ, ಗುರುತು ಮೊದಲೇ ಖಚಿತವಾಗಿರಬೇಕು. ಫೆವಿಕ್ವಿಕ್ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ನಮ್ಮಲ್ಲಿ ಬೇಗ ಹಿಡಿಯುತ್ತದೆ. ಆದರೆ ಸುತ್ತ ಬಿಳಿ ಪುಡಿ ಕೂರುತ್ತದೆ, ಹೊರಗೆ ಸೋರಿದ ಕಡೆ ಎಣ್ಣೆ ಪಾಲಿಶ್ ಹಿಡಿಯುವುದೇ ಇಲ್ಲ.

ಡೆಕ್ಕಿನ ಹಲಗೆ ಸುಲಭ. ನಿಜವಾದ 20 ಅಡಿ ಹಲಗೆ ಈ ಪ್ರಮಾಣದಲ್ಲಿ 95 ಮಿ.ಮೀ. ನಿಜ ಹಡಗಿನಲ್ಲಿ ಹಲಗೆಗಳ ಸಂದಿಯಲ್ಲಿ ಕಾಣುವ ಡಾಂಬರಿನ ಗೆರೆ ಮೂಡಿಸಲು ಅಂಚಿಗೆ 2ಬಿ ಪೆನ್ಸಿಲ್ ತಿಕ್ಕಿದರೆ ಸಾಕು. ಮಾರ್ಕರ್ ಬಣ್ಣ ವಾರ್ನಿಶ್ ತಾಗಿದರೆ ಹರಡುತ್ತದೆ.

ಕೂವೆಕಂಬಗಳ ಕೆಲಸ ಮಳೆಗಾಲಕ್ಕೆ ಹೇಳಿಸಿದ್ದು. ದುಂಡು ಕೋಲನ್ನು ಗಾಜಿನ ಮೇಲೆ ಉರುಳಿಸಿ ನೇರವಿದೆಯೇ ನೋಡಿ, ಡ್ರಿಲ್‌ಗೆ ಸಿಕ್ಕಿಸಿ ಪಾಲಿಶ್ ಪೇಪರ್ ಹಿಡಿದು ಬುಡದ 8 ಮಿ.ಮೀ.ನಿಂದ ತುದಿಯಲ್ಲಿ 5ಕ್ಕೆ ಇಳಿಸಿ.

ಹಗ್ಗಕ್ಕೆ ಕಿಟ್‌ನ ಹತ್ತಿ ದಾರ ನನಗೆ ಬೇಡ. ತೇವಕ್ಕೆ ಬಿಗಿದು ಒಣಗಿದಾಗ ಸಡಿಲುತ್ತದೆ, ನಾರು ಬೇರೆ ಏಳುತ್ತದೆ. ನೈಲಾನ್ ತೇವಕ್ಕೆ ಜೋಲುತ್ತದೆ. ಪಾಲಿಯೆಸ್ಟರ್ ನೂಲು ಎರಡೂ ಕಾಲದಲ್ಲಿ ಒಂದೇ ಸಮ. ಕೂವೆಕಂಬ ಹತ್ತುವ ಹಗ್ಗದ ಏಣಿಯ ಮೆಟ್ಟಿಲುಗಳ ಅಂತರ 6 ಮಿ.ಮೀ.; ಹಿಂದೆ ಗೆರೆ ಎಳೆದ ಕಾಗದ ಇಟ್ಟುಕೊಂಡು ಕಟ್ಟಿ. ಪ್ರತಿ ಗಂಟನ್ನೂ ಎಳೆದು ಬಿಗಿದರೆ ಏಣಿ ನಡುವಿನಲ್ಲಿ ಸೊಂಟದ ಹಾಗೆ ಕಿರಿದಾಗುತ್ತದೆ. ಗಂಟಿಗೆ ನೀರು ಬೆರೆಸಿದ ಫೆವಿಕಾಲ್ ಸಾಕು, ಫೆವಿಕ್ವಿಕ್ ಹಾಕಿದರೆ ನೂಲು ಗಡುಸಾಗಿ ಮುರಿಯುತ್ತದೆ.

ಅರಗಿನ ಪಾಲಿಶ್ ಮಳೆಯಲ್ಲಿ ಹಚ್ಚಿದರೆ ಬೆಳ್ಳಗೆ ಮಂಕಾಗುತ್ತದೆ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಸೇರಿಕೊಳ್ಳುವುದು ಕಾರಣ. ಬಿಸಿಲಿನ ದಿನ ನೋಡಿ ಮ್ಯಾಟ್ ಪಾಲಿಯುರಿಥೇನ್ ಎರಡು ಕೈ ಹಚ್ಚಿ. ಮೂಲೆ, ಅಡಿಭಾಗ ಯಾವುದನ್ನೂ ಬಿಡಬೇಡಿ, ಬಿಟ್ಟ ಕಡೆಯೇ ಬೂಷ್ಟು ಬರುವುದು. ಕೊನೆಗೆ ಗಾಜಿನ ಪೆಟ್ಟಿಗೆ. ಹಿಂಬದಿಯ ಕೆಳಗೂ ಮೇಲೂ ಬಲೆ ಹಾಕಿದ ಸಣ್ಣ ತೂತು ಇರಲಿ, ಏಕೆಂದರೆ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮರ ಮತ್ತು ಅಂಟು ಬಿಡುವ ಆಮ್ಲದ ಆವಿ ಸೇರಿ ಸೀಸದ ಬಿಡಿಭಾಗಗಳು ಬಿಳಿ ಪುಡಿಯಾಗುತ್ತವೆ. ಪೀಠದ ಕೆಳಗೆ ತೇವ ಹೀರುವ, ಹೀರಿದಾಗ ಬಣ್ಣ ಬದಲಿಸುವ ಸಿಲಿಕಾ ಜೆಲ್ 100 ಗ್ರಾಂ ಇಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದರ ಬಣ್ಣ ನೋಡಿ, ಬದಲಾಗಿದ್ದರೆ ಒವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಅಲ್ಲೇ ಇಡುತ್ತೇನೆ.