ಮರೆವು ಹೆಚ್ಚಾದ ಸಸ್ಯಾಹಾರಿ ಹಿರಿಯರು: ಬಿ12 ಲೆಕ್ಕವನ್ನು ನಾನು ಹಾಕುವ ರೀತಿ

ಮರೆವು ಹೆಚ್ಚಾಗಿದೆ ಎಂದು ಹಿರಿಯರನ್ನು ಕರೆತರುವವರು ಡಯಟೀಷಿಯನ್ ಆದ ನನ್ನನ್ನು ಕೇಳುವುದು ಬಾದಾಮಿ, ಒಂದೆಲಗದ ಬಗ್ಗೆ. ನಾನು ಅವರನ್ನು ಕೇಳುವುದು ಹಾಲಿನ ಅಳತೆ ಮತ್ತು ಅವರು ನುಂಗುವ ಮಾತ್ರೆಗಳ ಚೀಟಿ. ಪೋಷಕಾಂಶ ತುಂಬಿಕೊಟ್ಟರೆ ಮರೆವೇ ಕಡಿಮೆಯಾಗುವ ಸಂದರ್ಭಗಳು ಕೆಲವೇ ಕೆಲವು. ವಿಟಮಿನ್ ಬಿ12 ಕೊರತೆ ಅವುಗಳಲ್ಲಿ ಮುಖ್ಯವಾದದ್ದು, ಮಾಂಸ, ಮೀನು ಮುಟ್ಟದ ಮನೆಗಳಲ್ಲಿ ಸಾಮಾನ್ಯವಾದದ್ದು.

“ಅಮ್ಮ ದಿನಾ ಹಾಲು, ಮೊಸರು ತಗೋತಾರಲ್ಲ ಮೇಡಂ” ಅನ್ನುತ್ತಾರೆ. ಅಳೆದು ನೋಡಿದರೆ ಮೂರು ಕಾಫಿಗೆ ತಲಾ 50 ಮಿ.ಲೀ. ಹಾಲು, ಮಜ್ಜಿಗೆಗೆ 50 ಗ್ರಾಂ ಮೊಸರು. 100 ಮಿ.ಲೀ. ಹಾಲಿನಲ್ಲಿ ಬಿ12 ಸುಮಾರು 0.4 ಮೈಕ್ರೋಗ್ರಾಂ, ಮೊಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 0.8 ಆಯಿತು. ದಿನಕ್ಕೆ ಬೇಕಿರುವುದು 2ಕ್ಕಿಂತ ತುಸು ಹೆಚ್ಚು, ಅಂದರೆ ನೀರು ಬೆರೆಸದ ಹಾಲು, ಮೊಸರು ಸೇರಿ ಅರ್ಧ ಲೀಟರ್ ದಾಟಬೇಕು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಅರ್ಧ ಮೈಕ್ರೋಗ್ರಾಂ ಸಿಗುತ್ತದೆ, ಆದರೆ ಅದು ಬಹುಪಾಲು ಹಳದಿಯಲ್ಲಿದೆ. ಕೊಲೆಸ್ಟ್ರಾಲ್ ಭಯಕ್ಕೆ ಹಳದಿ ತೆಗೆದಿಟ್ಟರೆ ಏನೂ ಉಳಿಯದು. ಸೊಪ್ಪು, ಇಡ್ಲಿ ಹಿಟ್ಟನ್ನು ಇದಕ್ಕೆ ನಂಬುವಂತಿಲ್ಲ. ಸ್ಪಿರುಲಿನಾದಲ್ಲಿರುವುದು ಹೆಚ್ಚಾಗಿ ನಮ್ಮ ದೇಹ ಬಳಸಲಾರದ ರೂಪ.

ಉಂಡದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಆಹಾರದ ಪ್ರೋಟೀನಿನಿಂದ ಬಿ12 ಬಿಡಿಸಲು ಹೊಟ್ಟೆಯ ಆಮ್ಲ ಬೇಕು. ವಯಸ್ಸಾದಂತೆ ಹಲವರಲ್ಲಿ ಅದು ಕುಗ್ಗುತ್ತದೆ. ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಅದನ್ನು ಇನ್ನೂ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬಿ12 ಹೀರಿಕೆಗೆ ಅಡ್ಡಿ. ಚೀಟಿಯಲ್ಲಿ ಇವೆರಡೂ ಇದ್ದರೆ ಹಾಲಿನ ಲೆಕ್ಕ ಸರಿಯಿದ್ದರೂ ನಾನು ರಕ್ತಪರೀಕ್ಷೆಗೆ ಹೇಳುತ್ತೇನೆ. ಹಾಗೆಂದು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ರಕ್ತ ಕೊಡುವುದು ಇಂಜೆಕ್ಷನ್ ಅಥವಾ ಬಿ-ಕಾಂಪ್ಲೆಕ್ಸ್ ಶುರುವಾಗುವ ಮುಂಚೆಯೇ ಆಗಬೇಕು. ಆಮೇಲೆ ಕೊಟ್ಟರೆ ಅಂಕಿ ಚೆನ್ನಾಗಿ ಕಾಣುತ್ತದೆ, ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ; 200ರಿಂದ 300ರ ನಡುವೆ ಅನುಮಾನ. ಆಗ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲದ ಪರೀಕ್ಷೆ ನೆರವಾಗುತ್ತದೆ; ಬಿ12 ಸಾಲದಾದಾಗ ಇವೆರಡೂ ರಕ್ತದಲ್ಲಿ ಏರುತ್ತವೆ. ಹೋಮೋಸಿಸ್ಟೀನ್‌ಗೆ ತೆಗೆದ ರಕ್ತವನ್ನು ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಕಣಗಳಿಂದ ದ್ರವಭಾಗವನ್ನು ಬೇಗ ಬೇರ್ಪಡಿಸಬೇಕು. ಹಾಗೇ ಬಿಟ್ಟರೆ ಕೆಂಪುಕಣಗಳಿಂದ ಅದು ಸೋರಿ ಅಂಕಿ ಸುಳ್ಳಾಗಿ ಏರುತ್ತದೆ. ಹಿಮೋಗ್ಲೋಬಿನ್ ಸರಿಯಿದೆ ಎಂದು ಬಿ12 ಪರೀಕ್ಷೆ ಬಿಡುವುದು ದೊಡ್ಡ ತಪ್ಪು. ರಕ್ತಹೀನತೆ ಇಲ್ಲದೆಯೂ ನರಗಳು ಹಾಳಾಗುತ್ತವೆ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ, ಬಿ12 ಕೊರತೆಯಲ್ಲಿ ಕೆಂಪುಕಣ ದಪ್ಪವಾಗುವ ಗುರುತೂ ಮುಚ್ಚಿಹೋಗುತ್ತದೆ. ರಕ್ತಪರೀಕ್ಷೆಯ ಇದೇ ಚೀಟಿಯಲ್ಲಿ, ಮರೆವಿಗೆ ಇನ್ನೊಂದು ಕಾರಣವಾಗಬಲ್ಲ ಥೈರಾಯ್ಡ್‌ನ ಪರೀಕ್ಷೆಯೂ ಇರಲಿ.

ಪಾದ ಜುಮುಗುಟ್ಟುವುದು, ಕತ್ತಲಲ್ಲಿ ನಡೆದರೆ ತೂರಾಡುವುದು ಇದ್ದರೆ ಕಾಯದೆ ವೈದ್ಯರಿಂದ ಇಂಜೆಕ್ಷನ್. ಇಲ್ಲದಿದ್ದರೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ. ಅಷ್ಟೊಂದೇ ಎಂದು ಮನೆಯವರು ಗಾಬರಿಯಾಗುತ್ತಾರೆ. ಹೀರಿಕೆಯ ಮಾಮೂಲು ದಾರಿ ಕೆಟ್ಟವರಲ್ಲೂ ನೂರಕ್ಕೆ ಒಂದು ಪಾಲು ತಾನಾಗಿ ಒಳಸೇರುತ್ತದೆ, ಅಂದರೆ 10 ಮೈಕ್ರೋಗ್ರಾಂ, ದಿನದ ಅಗತ್ಯಕ್ಕೆ ಧಾರಾಳ. ಬಿ12 ನೋಡದೆ ಫೋಲಿಕ್ ಆಮ್ಲವನ್ನಷ್ಟೇ ಕೊಡುವುದು ಮಾತ್ರ ಅಪಾಯ: ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಒಳಗೆ ಮುಂದುವರಿಯುತ್ತದೆ.

ಕೊರತೆ ಬೇಗ ಸಿಕ್ಕರೆ ಮರೆವು ತಿಂಗಳುಗಳಲ್ಲಿ ಹಗುರಾಗಬಹುದು, ವರ್ಷಗಳಷ್ಟು ಹಳೆಯದಾದರೆ ಪೂರ್ತಿ ಮರಳುವುದು ಕಷ್ಟ. ಬಿ12 ಮೊದಲೇ ಸರಿಯಿದ್ದವರ ಆಲ್ಝೈಮರ್‌ಗೆ ಇಂಜೆಕ್ಷನ್ ಮದ್ದಲ್ಲ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳುತ್ತೇನೆ. ಮಿದುಳಿಗೆ ಒಳ್ಳೆಯದೆಂದು ಹೆಸರಾದ, ಸೊಪ್ಪು, ಕಾಳು, ಬೀಜಗಳ ‘ಮೈಂಡ್’ ಆಹಾರಕ್ರಮದ ಬಗ್ಗೆಯೂ ಕೇಳುತ್ತಾರೆ. 2023ರಲ್ಲಿ ಪ್ರಕಟವಾದ ಮೂರು ವರ್ಷಗಳ ಪ್ರಯೋಗದಲ್ಲಿ ಹೋಲಿಕೆಯ ಗುಂಪಿಗಿಂತ ಅದು ಹೆಚ್ಚು ಫಲ ತೋರಲಿಲ್ಲ. ಆದರೂ ಬಿಪಿ, ಸಕ್ಕರೆ ಹಿಡಿತಕ್ಕೆ ಅಂಥ ಊಟ ಒಳ್ಳೆಯದು, ಅವೆರಡೂ ಡಿಮೆನ್ಷಿಯಾದ ಅಪಾಯ ಹೆಚ್ಚಿಸುವಂಥವು. ಹಾಗಾಗಿ ಅನ್ನ ತಗ್ಗಿಸಿ ಸೊಪ್ಪಿನ ಹುಳಿ, ಉಸಲಿ ಹೆಚ್ಚಿಸುತ್ತೇನೆ. ಉಪ್ಪು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯದೂ ಸೇರಿ ದಿನಕ್ಕೆ ಒಂದು ಟೀ ಚಮಚ, 5 ಗ್ರಾಂ ಮೀರಬಾರದು.