ಆಂಪ್ ಕಾಯಲಿ ಅಂತ ನಾನೂ ಕಾದೆ

ಮಂಡ್ಯದ ಹತ್ತಿರ ನಮ್ಮೂರಲ್ಲಿ ಅಪ್ಪನದೊಂದು ವಾಲ್ವ್ ರೇಡಿಯೋ ಇತ್ತು, ಒಳಗೆ ಗಾಜಿನ ಬುರುಡೆಯಂಥ ವಾಲ್ವ್‌ಗಳಿರುವಂಥದ್ದು. ವಾರ್ತೆಗೆ ಮುಂಚೆಯೇ "ಹಾಕಿಡೋ, ಕಾಯ್ಲಿ" ಅನ್ನುತ್ತಿದ್ದರು. ವಾಲ್ವಿನ ಒಳಗಿನ ಕ್ಯಾಥೋಡ್ ಕೆಂಪಗೆ ಕಾಯದೆ ಎಲೆಕ್ಟ್ರಾನ್ ಹೊರಡುವುದಿಲ್ಲ. ಅಲ್ಲಿವರೆಗೂ ರೇಡಿಯೋ ಮೂಕ.

ಈಗ ಮೈಸೂರಿನ ಕುವೆಂಪುನಗರದ ಮನೆಯಲ್ಲಿರುವುದು ನಾನೇ ಬೆಸುಗೆ ಹಾಕಿ ಕಟ್ಟಿದ ಟ್ರಾನ್ಸಿಸ್ಟರ್ ಆಂಪ್, ಅಂದರೆ ಆಂಪ್ಲಿಫೈಯರ್. ಹಾಕಿದ ಕೂಡಲೇ ಹಾಡುತ್ತದೆ. ಆದರೆ ಡಿಸೆಂಬರ್ ಬೆಳಗ್ಗೆ ಎಲ್‌ಪಿ ರೆಕಾರ್ಡ್ ಇಟ್ಟರೆ ವೀಣೆ ಒರಟು. ಅರ್ಧ ಗಂಟೆ ಕಳೆದರೆ ನುಣುಪು. "ನಿಮ್ಮ ಕಿವಿಗೆ ಕಾಫಿ ಬಿದ್ದಿರಲ್ಲ ರೀ" ಅಂದಳು ಹೆಂಡತಿ.

ಆಂಪ್ ಕಾಯದ್ದೇ ಕಾರಣ ಅಂದುಕೊಂಡು ಮಲ್ಟಿಮೀಟರ್ ಹಿಡಿದೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಸೇರಿದ 0.22 ಓಮ್ ರೆಸಿಸ್ಟರ್ ಮೇಲೆ 13 ಮಿಲಿವೋಲ್ಟ್. ಅಂದರೆ ಹಾಡಿಲ್ಲದಾಗ ಹರಿಯುವ ಕರೆಂಟ್ ಸುಮಾರು 60 ಮಿಲಿಆಂಪ್. ಬೇಕಿದ್ದದ್ದು 100. ಇದು ಕಮ್ಮಿಯಾದರೆ ಜೋಡಿ ಟ್ರಾನ್ಸಿಸ್ಟರ್‌ಗಳಲ್ಲಿ ಒಂದು ಕೈಬಿಟ್ಟು ಇನ್ನೊಂದು ಹಿಡಿಯುವ ಜಾಗದಲ್ಲಿ ಅಲೆ ಸೊಟ್ಟಗಾಗುತ್ತದೆ. ಮೆಲ್ಲಗಿನ ನಾದದಲ್ಲೇ ಅದು ಜಾಸ್ತಿ ಕಾಣುವುದು.

ಈ ಕರೆಂಟನ್ನು ಹೊಂದಿಸುವ ಪುಟ್ಟ ತಿರುಪು, ಪ್ರಿಸೆಟ್, ತಿರುಗಿಸಿ ಆಂಪ್ ತಣ್ಣಗಿರುವಾಗಲೇ 22 ಮಿಲಿವೋಲ್ಟ್‌ಗೆ, ಅಂದರೆ ಆ 100 ಮಿಲಿಆಂಪ್‌ಗೆ, ತಂದೆ. ದಡ್ಡ ಕೆಲಸ. ಅರ್ಧ ಗಂಟೆಯಲ್ಲಿ ಅದು 38 ಆಗಿತ್ತು, ಟ್ರಾನ್ಸಿಸ್ಟರ್‌ಗಳ ಬಿಸಿ ಹೀರುವ ಹೀಟ್‌ಸಿಂಕ್ ಮುಟ್ಟಿ ಬೆರಳು ಚುರ್ ಅಂತು. ಬಿಸಿ ಒಂದು ಡಿಗ್ರಿ ಏರಿದರೆ ಟ್ರಾನ್ಸಿಸ್ಟರ್ ಬೇಡುವ ಬೇಸ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ನಾವು ಕೊಡುವುದು ಅಷ್ಟೇ ಇದ್ದರೆ ಕರೆಂಟ್ ಏರುತ್ತದೆ, ಬಿಸಿ ಇನ್ನೂ ಏರುತ್ತದೆ. ಇದಕ್ಕೆ ಕಡಿವಾಣ ಹಾಕಲೆಂದೇ ಹೀಟ್‌ಸಿಂಕ್‌ಗೆ ಅಂಟಿಸಿದ ಒಂದು ಪುಟ್ಟ ಟ್ರಾನ್ಸಿಸ್ಟರ್ ಇರುತ್ತದೆ. ನನ್ನದರಲ್ಲಿ ಅದರ ಸ್ಕ್ರೂ ಸಡಿಲ, ಬಿಸಿ ದಾಟಿಸುವ ಪೇಸ್ಟ್ ಒಣಗಿ ಪುಡಿ. ಬೇರೆ ಪೇಸ್ಟ್ ಹಚ್ಚಿ ಬಿಗಿ ಮಾಡಿ, ಚೆನ್ನಾಗಿ ಕಾದ ಮೇಲೆ 22ಕ್ಕೆ ನಿಲ್ಲಿಸಿದೆ. ಈಗ ತಣ್ಣಗಿದ್ದಾಗಲೂ 18 ಇರುತ್ತದೆ.

ಆಮೇಲೆ ಕಂಪ್ಯೂಟರಿನಿಂದ ಒಂದೇ ಹಾಡು ಕೊಟ್ಟು ಆಂಪಿನ ಔಟ್‌ಪುಟ್ಟನ್ನು ಎರಡು ಸಲ ರೆಕಾರ್ಡ್ ಮಾಡಿದೆ, ತಣ್ಣಗಿದ್ದಾಗ ಒಂದು, ಕಾದ ಮೇಲೆ ಒಂದು. ಮಗಳು ಯಾವುದೆಂದು ಹೇಳದೆ ಹೆಡ್‌ಫೋನಿಗೆ ಹಾಕಿದಳು. ಹತ್ತರಲ್ಲಿ ಐದು ಸರಿ. "ಅಪ್ಪ, ಕಾಸು ಚಿಮ್ಮಿದ್ರೂ ಇಷ್ಟೇ ಬರ್ತಿತ್ತು."

ಆದರೂ ಮಾರನೇ ಬೆಳಗ್ಗೆ ಎಲ್‌ಪಿಯ ವೀಣೆ ಒರಟೇ! ಆಂಪ್ ಮಾತ್ರ ಗಂಟೆ ಮುಂಚೆಯೇ ಹಾಕಿದ್ದೆ. ಆಗ ಹೊಳೆಯಿತು. ಟರ್ನ್‌ಟೇಬಲ್ ತೋಳಿನ ತುದಿಯ ಕಾರ್ಟ್ರಿಜ್ ಒಳಗೆ ಸೂಜಿಯ ಕಡ್ಡಿಯನ್ನು ಹಿಡಿದಿರುವುದು ಒಂದು ಚೂರು ರಬ್ಬರು. ಚಳಿಗೆ ಅದು ಬಿಗಿಯಾಗಿ, ಸೂಜಿ ಗೀರಿನಲ್ಲಿ ಸಲೀಸಾಗಿ ಓಡುವುದಿಲ್ಲ. ಅರ್ಧ ಗಂಟೆಯಲ್ಲಿ ಬದಲಾಗುತ್ತಿದ್ದದ್ದು ಕೋಣೆ. ಪೂರ್ವದ ಕಿಟಕಿಯ ಬಿಸಿಲು ಟರ್ನ್‌ಟೇಬಲ್ ಮೇಲೇ ಬೀಳುತ್ತಿತ್ತು, ನಾನು ಆಂಪನ್ನು ಹೊಗಳುತ್ತಿದ್ದೆ.

ಈಗ ಚಳಿಗಾಲದಲ್ಲಿ ಸೂಜಿಯಿಂದ ಒಂದು ಮೊಳ ದೂರಕ್ಕೆ ಹಳೇ ಅರವತ್ತು ವ್ಯಾಟಿನ ಬಲ್ಬ್ ಉರಿಸಿಡುತ್ತೇನೆ. ರೆಕಾರ್ಡ್ ಇಡುವುದು ಬಲ್ಬ್ ಆರಿಸಿದ ಮೇಲೆ, ಇಲ್ಲದಿದ್ದರೆ ಬಿಸಿಗೆ ಅದು ಸೊಟ್ಟಗಾದೀತು.

"ಕೋಳಿಮರಿ ಯಾವಾಗ ತರ್ತೀರಿ?" ಅಂತ ಕೇಳುತ್ತಾಳೆ ಹೆಂಡತಿ.