ಕಾಸ್ಟಿಕ್ ಜಾಸ್ತಿ ಸುರಿದರೆ ಗಂಧಕ ಜಾಸ್ತಿ ಹೋಗುವುದಿಲ್ಲ: ಪೀಣ್ಯದಲ್ಲಿ ನನ್ನ ಅನುಭವ

ಪೀಣ್ಯದ ನಮ್ಮ ಕಾರ್ಖಾನೆಯ ಬಾಯ್ಲರ್ ಓಡುವುದು ಫರ್ನೇಸ್ ಆಯಿಲ್‌ನಲ್ಲಿ. ಅದರಲ್ಲಿ ಗಂಧಕ 3 ಪರ್ಸೆಂಟ್ ಅಂತ ಲೆಕ್ಕ ಹಿಡಿದಿದ್ದೆ. 1 ಕಿಲೋ ಗಂಧಕ ಉರಿದರೆ 2 ಕಿಲೋ ಸಲ್ಫರ್ ಡೈಆಕ್ಸೈಡ್. ಗೇಟಿನಾಚೆ ಟೀ ಅಂಗಡಿಯವರೂ ಕೆಮ್ಮುತ್ತಿದ್ದರು. ನೋಡಿಕೊಂಡು ಸುಮ್ನೆ ಇರೋಕಾಗಲಿಲ್ಲ.

ಸ್ಕ್ರಬ್ಬರ್ ಹಾಕಿಸಿದೆವು, ಅಂದರೆ ಕ್ಷಾರ ಬೆರೆಸಿದ ನೀರು ಸಿಂಪಡಿಸಿ ಹೊಗೆಯ ಗಂಧಕ ತೊಳೆಯುವ ಟವರ್. ದೊಡ್ಡ ವಿದ್ಯುತ್ ಸ್ಥಾವರಗಳಲ್ಲಿ ಸುಣ್ಣದ ಕಲ್ಲು ಬಳಸುತ್ತಾರೆ, ನಮ್ಮಂಥ ಚಿಕ್ಕ ಜಾಗಕ್ಕೆ ಕಾಸ್ಟಿಕ್ ಸೋಡಾನೇ ಸುಲಭ. ಹೊಗೆ ಬರುತ್ತಿದ್ದದ್ದು 220 ಡಿಗ್ರಿಯಲ್ಲಿ. ಪ್ಲಾಸ್ಟಿಕ್ ಟವರ್ ಅಷ್ಟು ಬಿಸಿ ತಡೆಯುವುದಿಲ್ಲ. ಹಾಗಾಗಿ ಮೊದಲು ನೀರು ಸಿಂಪಡಿಸಿ 65ರ ಹತ್ತಿರ ಇಳಿಸಿದೆವು.

ಎಡವಿದ್ದು ಅದಕ್ಕೂ ಮುಂಚಿನ ಡಕ್ಟ್‌ನಲ್ಲಿ, ಅಂದರೆ ಬಾಯ್ಲರ್‌ನಿಂದ ಹೊಗೆ ತರುವ ತಗಡಿನ ಕೊಳವೆಯಲ್ಲಿ. ಅದಕ್ಕೆ ಇನ್ಸುಲೇಷನ್ ಹಾಕಿರಲಿಲ್ಲ. ಕೆಲವೇ ತಿಂಗಳಲ್ಲಿ ಕೆಳಗಿನ ಬೆಂಡ್ ಒದ್ದೆಯಾಗಿ ಕಂಡಿತು. ಸ್ಕ್ರೂಡ್ರೈವರ್ ತುದಿ ಒತ್ತಿದೆ, ಮೆತ್ತಗಾದ ಬಿಸ್ಕತ್ತಿನೊಳಗೆ ಇಳಿದ ಹಾಗೆ ಇಳಿಯಿತು. ತಗಡು 130-140 ಡಿಗ್ರಿಗಿಂತ ತಣ್ಣಗಾದ ಕಡೆ ಹೊಗೆಯಲ್ಲಿರುವ ಸ್ವಲ್ಪ ಸಲ್ಫರ್ ಟ್ರೈಆಕ್ಸೈಡ್ ನೀರಿನ ಹಬೆ ಸೇರಿ ಸಲ್ಫ್ಯೂರಿಕ್ ಆಸಿಡ್ ಆಗಿ ಇಳಿಯುತ್ತದೆ. ಬೆಂಡ್ ಬದಲಾಯಿಸಿ, ಡಕ್ಟ್ ಪೂರ್ತಿ ರಾಕ್‌ವೂಲ್ ಸುತ್ತಿಸಿದೆ.

ಆಮೇಲೆ ಟವರ್‌ನಲ್ಲಿ ನೀರು ಸಿಂಪಡಿಸುವ ನಾಝಲ್‌ಗಳು ಕಟ್ಟಿಕೊಳ್ಳತೊಡಗಿದವು. ಆಪರೇಟರ್, "ಸಾರ್, ಹೊಗೆ ಸರಿಯಾಗಿ ತೊಳೀಲಿ ಅಂತ ದಿನಾ ಒಂದು ಕ್ಯಾನ್ ಕಾಸ್ಟಿಕ್ ಜಾಸ್ತಿ ಹಾಕ್ತಿದೀನಿ" ಅಂದರು. ಆ ನೀರಿನ ಪಿಎಚ್ (7 ಅಂದರೆ ಸಮ, ಮೇಲೆ ಹೋದಷ್ಟೂ ಕ್ಷಾರ) ನೋಡಿದರೆ 10 ದಾಟಿತ್ತು. ಕಟ್ಟಿದ ಬಿಳಿ ಪದರ ಕೆರೆದು, ಕ್ಯಾಂಟೀನಿನಿಂದ ನಿಂಬೆಹಣ್ಣು ತರಿಸಿ ಹಿಂಡಿದೆ. ಬುಸ್ ಅಂತ ನೊರೆ ಬಂತು, ಗಂಧಕದ ಘಾಟು ಮಾತ್ರ ಇಲ್ಲ. ಹಿಡಿದ ಗಂಧಕದ ಸಲ್ಫೈಟ್ ಆಗಿದ್ದರೆ ಘಾಟು ಬರಬೇಕಿತ್ತು. ಇದು ಕಾರ್ಬೊನೇಟ್!

ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ 12 ಪರ್ಸೆಂಟ್ ಆಸುಪಾಸು, ಸಲ್ಫರ್ ಡೈಆಕ್ಸೈಡ್ ಕಾಲು ಪರ್ಸೆಂಟೂ ಇಲ್ಲ. ಪಿಎಚ್ ಏರಿದರೆ ಹೆಚ್ಚುವರಿ ಕಾಸ್ಟಿಕ್‌ನೆಲ್ಲ ಕಾರ್ಬನ್ ಡೈಆಕ್ಸೈಡೇ ತಿಂದು ಕಾರ್ಬೊನೇಟ್ ಮಾಡಿಬಿಡುತ್ತದೆ. ಅದರ ಮೇಲೆ ನಮ್ಮದು ಬೋರ್‌ವೆಲ್‌ನ ಗಡಸು ನೀರು, ಪದರ ಕಟ್ಟದೆ ಇರುತ್ತದಾ?

ಗಡಸುತನ ತೆಗೆದ ಸಾಫ್ಟ್‌ನರ್ ನೀರು ಕೊಟ್ಟೆ. ಪಿಎಚ್ 7ರಿಂದ 7.5ರೊಳಗೆ ನಿಲ್ಲುವಂತೆ ಡೋಸಿಂಗ್ ಪಂಪ್ ಹೊಂದಿಸಿದೆ. ಲೆಕ್ಕದ ಪ್ರಕಾರ 1 ಕಿಲೋ ಸಲ್ಫರ್ ಡೈಆಕ್ಸೈಡಿಗೆ ಒಂದೂಕಾಲು ಕಿಲೋ ಕಾಸ್ಟಿಕ್ ಸಾಕು. ಹೊರಬರುವ ಸಲ್ಫೈಟ್ ನೀರನ್ನು ನೇರ ಇಟಿಪಿಗೆ (ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವ ಘಟಕ) ಬಿಡುವುದಿಲ್ಲ, ಅದು ಆಕ್ಸಿಜನ್ ಹೀರಿ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಉಸಿರುಗಟ್ಟಿಸುತ್ತದೆ. ಬೇರೆ ಟ್ಯಾಂಕಿನಲ್ಲಿ ಗಾಳಿ ಊದಿ ಸಲ್ಫೇಟ್ ಮಾಡಿಯೇ ಕಳಿಸುತ್ತೇವೆ. ಪಿಎಚ್ ಪ್ರೋಬ್ ಅನ್ನು ಈಗ ಆಪರೇಟರ್ರೇ ದಿನಾ ಬೆಳಗ್ಗೆ ತೊಳೆದು, ರೀಡಿಂಗ್ ಬರೆದಿಟ್ಟ ಮೇಲೆಯೇ ಬಾಯ್ಲರ್ ಹಚ್ಚುತ್ತಾರೆ.